ಕನ್ನಡಿಯಾದ ಸಿಲಿಂಡರಿಗೆ ಗೀರಿನ ಮದ್ದು

ಒರಳುಕಲ್ಲು ಹಳೆಯದಾದಷ್ಟೂ ನುಣ್ಣಗಾಗುತ್ತದೆ. ಒರಳು ನುಣ್ಣಗಾದಷ್ಟೂ ಹಿಟ್ಟು ತರಿತರಿಯಾಗುತ್ತದೆ. ಮಿಕ್ಸಿ, ಗ್ರೈಂಡರ್ ಬರುವ ಮುಂಚೆ ಅಡುಗೆ ಮನೆಯಲ್ಲಿ ತೋಳು ನೋಯಿಸಿಕೊಂಡ ಹೆಂಗಸರಿಗೆಲ್ಲ ಗೊತ್ತಿದ್ದ ಮಾತಿದು. ಹಾಗೆ ನುಣುಪಾದ ಕಲ್ಲನ್ನು ಸರಿಪಡಿಸಲೆಂದೇ ಉಳಿ, ಸುತ್ತಿಗೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡವರು ಬೀದಿ ಬೀದಿಯಲ್ಲಿ ಕೂಗುತ್ತ ಬರುತ್ತಿದ್ದರು. ಅಂಗಳದಲ್ಲಿ ಕುಳಿತು ಕಲ್ಲಿನ ಮೈತುಂಬ ಸಣ್ಣ ಸಣ್ಣ ಕಚ್ಚು ಹಾಕಿ ಹೋದರೆ, ಅದೇ ಹಳೆಯ ಕಲ್ಲು ಮತ್ತೆ ಅಕ್ಕಿಯನ್ನು ಹಿಡಿದು ಅರೆಯುತ್ತಿತ್ತು.

ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯಂತಹ ಕಡೆ ಬಾವಿಯ ದಡಕ್ಕೆ ಆಯಿಲ್ ಇಂಜಿನ್ ಬಂದಾಗ, ಅದರ ಜೊತೆಯಲ್ಲೇ ಇದೇ ಒರಳುಕಲ್ಲಿನ ಪಾಠವೂ ಬೇರೊಂದು ವೇಷದಲ್ಲಿ ಬಂತು. ಇಂಜಿನ್ ನೀಲಿ ಹೊಗೆ ಉಗುಳುತ್ತದೆ. ಹ್ಯಾಂಡಲ್ ತಿರುಗಿಸಿ ತೋಳು ಬಿದ್ದುಹೋದರೂ ಚಾಲೂ ಆಗುವುದಿಲ್ಲ. ಆದರೆ ಡೀಸೆಲ್ಲಿನ ಜೊತೆಗೆ ಆಯಿಲನ್ನೂ ಕುಡಿಯುತ್ತದೆ. ‘ರಿಂಗ್ ಹೋಗಿದೆ’ ಎಂದು ಯಾರೋ ಹೇಳುತ್ತಾರೆ. ಪೇಟೆಯಿಂದ ಹೊಸ ರಿಂಗ್ ಸೆಟ್ ತಂದು ಹಾಕಿದ್ದಾಯಿತು. ಆದರೂ ಹೊಗೆ ನಿಲ್ಲಲಿಲ್ಲ! ಅಂಗಡಿಯವನು ಕೊಟ್ಟ ಮಾಲು ಖೋಟಾ ಎಂದು ರೈತ ಬೈದುಕೊಳ್ಳುತ್ತಾನೆ. ನಿಜವಾದ ದೋಷ ಬಹಳ ಸಲ ರಿಂಗಿನಲ್ಲಿರುವುದಿಲ್ಲ. ಅದು ಸಿಲಿಂಡರಿನ ಒಳಮೈಯಲ್ಲಿ, ಕಣ್ಣಿಗೆ ಬಹು ಚೆಂದವಾಗಿ ಕಾಣುವ ಹೊಳಪಿನಲ್ಲಿ ಇರುತ್ತದೆ.

ಇಂಜಿನ್ನಿನ ಹೊಟ್ಟೆಯೆಂದರೆ ಒಂದು ಕೊಳವೆ. ಅದೇ ಸಿಲಿಂಡರ್. ಅದರೊಳಗೆ ಮೇಲೆ ಕೆಳಗೆ ಆಡುವ ಮುಚ್ಚಳವೇ ಪಿಸ್ಟನ್. ಬಿಸಿಯಾದಾಗ ಹಿಗ್ಗಲು ಜಾಗ ಬೇಕಾದ್ದರಿಂದ ಪಿಸ್ಟನ್ ಎಂದೂ ಸಿಲಿಂಡರಿಗೆ ಬಿಗಿಯಾಗಿ ಕೂರುವುದಿಲ್ಲ. ನಡುವೆ ಉಳಿದ ಸಂದನ್ನು ಮುಚ್ಚುವ ಕೆಲಸ ರಿಂಗುಗಳದು. ಒಂದು ಕಡೆ ಸೀಳಿರುವ ಕಬ್ಬಿಣದ ಬಳೆಗಳಂತಿರುವ ಇವು ಪಿಸ್ಟನ್ನಿನ ಸುತ್ತಲಿನ ಗಾಡಿಯಲ್ಲಿ ಕುಳಿತು, ತಮ್ಮ ಬಿಗುಪಿನಿಂದಲೇ ಹೊರಕ್ಕೆ ಚಾಚಿ ಗೋಡೆಗೆ ಒತ್ತಿಕೊಳ್ಳುತ್ತವೆ. ಮೇಲಿನವು ಉರಿದ ಅನಿಲದ ಒತ್ತಡ ಕೆಳಗೆ ಸೋರದಂತೆ ತಡೆದರೆ, ಕೆಳಗಿನದು ಗೋಡೆಗೆ ಹತ್ತಿದ ಹೆಚ್ಚಿನ ಆಯಿಲನ್ನು ಕೆರೆದು ಕೆಳಕ್ಕಿಳಿಸುತ್ತದೆ.

ಈ ಬಳೆಗಳು ಪಡುವ ಪಾಡನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಪಂಪ್‌ಸೆಟ್ಟಿಗೆ ಹೆಸರಾದ ಕಿರ್ಲೋಸ್ಕರ್ ಎ.ವಿ.1 ಇಂಜಿನ್ 5 ಅಶ್ವಶಕ್ತಿಯದು. ಸಿಲಿಂಡರಿನ ಅಗಲ 80 ಮಿ.ಮೀ., ಪಿಸ್ಟನ್ ಒಂದು ಸಲಕ್ಕೆ ಓಡುವ ದೂರ 110 ಮಿ.ಮೀ., ವೇಗ ನಿಮಿಷಕ್ಕೆ 1500 ಸುತ್ತು. ಸುತ್ತಿಗೆ ಎರಡರಂತೆ ನಿಮಿಷಕ್ಕೆ 3000 ಓಟ. ಅಂದರೆ 330 ಮೀಟರ್. ಗಂಟೆಗೆ ಸುಮಾರು 20 ಕಿ.ಮೀ. ಆಯಿತು. ಬೆಳಗಿನಿಂದ ಸಂಜೆಯವರೆಗೆ ಹತ್ತು ಗಂಟೆ ನೀರೆತ್ತಿದರೆ ರಿಂಗುಗಳು ಬೆಂಗಳೂರಿನಿಂದ ಮೈಸೂರಿಗೆ ಹೋಗಿ, ತಿರುಗಿ ಮಂಡ್ಯದ ತನಕ ಬಂದಷ್ಟು ದೂರ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿರುತ್ತವೆ. ನಡುವೆ ಇರುವುದು ತಲೆಕೂದಲಿಗಿಂತಲೂ ಬಹಳ ತೆಳುವಾದ ಆಯಿಲ್ ಪದರ ಮಾತ್ರ!

ಹೀಗೆ ತಿಂಗಳುಗಟ್ಟಲೆ ತಿಕ್ಕಿಸಿಕೊಂಡ ಗೋಡೆ ಕನ್ನಡಿಯಂತಾಗುತ್ತದೆ. ಅದರ ಮೇಲೆ ಸುಟ್ಟ ಆಯಿಲಿನ ಅರಗಿನಂತಹ ಲೇಪ ಬೇರೆ. ಮೆಕ್ಯಾನಿಕ್‌ಗಳು ಇದನ್ನು ‘ಗ್ಲೇಜ್’ ಎನ್ನುತ್ತಾರೆ. ಹಳೆಯ ರಿಂಗು ಆ ಗೋಡೆಯೊಂದಿಗೇ ಸವೆದು ಅದಕ್ಕೆ ಹೊಂದಿಕೊಂಡಿರುತ್ತದೆ. ಹೊಸ ರಿಂಗಿನ ಆಕಾರವೇ ಬೇರೆ. ಎಷ್ಟೇ ನಿಖರವಾಗಿ ಮಾಡಿದ್ದರೂ ಅದು ಈ ಗೋಡೆಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಉಳಿದ ಕಡೆಯೂ ತಾಗಬೇಕಾದರೆ ಎರಡೂ ಸ್ವಲ್ಪ ಸ್ವಲ್ಪ ಸವೆದು ಒಂದಕ್ಕೊಂದು ಕೂಡಿಕೊಳ್ಳಬೇಕು. ಗೋಡೆ ಕನ್ನಡಿಯಾಗಿದ್ದರೆ ರಿಂಗು ಆಯಿಲಿನ ಮೇಲೆ ಸುಮ್ಮನೆ ಜಾರುತ್ತದೆ, ಸವೆಯುವುದಿಲ್ಲ. ಸವೆಯದಿದ್ದರೆ ಕೂರುವುದಿಲ್ಲ. ಕೂರದಿದ್ದರೆ ಹೊಗೆ ತಪ್ಪಿದ್ದಲ್ಲ.

ಆದ್ದರಿಂದ ಹೊಸ ರಿಂಗು ಹಾಕುವ ಮುಂಚೆ ಒಳಗೋಡೆಗೆ ಬೇಕೆಂದೇ ಗೀರು ಹಾಕಬೇಕು. ಅದಕ್ಕೇ ‘ಹೋನಿಂಗ್’ ಎಂದು ಹೆಸರು. ಕನ್ನಡದಲ್ಲಿ ಸಾಣೆ ಹಿಡಿಯುವುದು ಎನ್ನಬಹುದೇನೋ. ಆದರೆ ಕತ್ತಿಗೆ ಹಿಡಿಯುವ ಸಾಣೆ ಹರಿತಕ್ಕೆ, ರತ್ನಕ್ಕೆ ಹಿಡಿಯುವ ಸಾಣೆ ಹೊಳಪಿಗೆ. ಇಲ್ಲಿ ಹಿಡಿಯುವ ಸಾಣೆ ಹೊಳಪನ್ನು ಕೆಡಿಸುವುದಕ್ಕೆ!

ರೈಲಿನೊಡನೆ ಬಂದ ಪಿಸ್ಟನ್

ಮಾಲೂರು ತಾಲ್ಲೂಕಿನ ನೆಲದ ಮೇಲೆ ಮೊದಲು ಆಡಿದ ಪಿಸ್ಟನ್ ಬಹುಶಃ ರೈಲಿನದು. ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ರೈಲು ಬಂದದ್ದು 1864ರಲ್ಲಿ. ಆ ದಾರಿ ಮಾಲೂರಿನ ಮೇಲೆಯೇ ಹೋಗುತ್ತದೆ. ಉಗಿಬಂಡಿಯ ಪಿಸ್ಟನ್ನಿಗೆ ಸೀಳು ಬಳೆ ತೊಡಿಸುವ ಉಪಾಯ ಆಗಿನ್ನೂ ಹೊಸದು. ಇಂಗ್ಲೆಂಡಿನ ರೈಲ್ವೆ ಇಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಅದನ್ನು ಕಂಡುಹಿಡಿದದ್ದು 1850ರ ದಶಕದ ಆರಂಭದಲ್ಲಿ. ಅದಕ್ಕೆ ಮುಂಚೆ ಪಿಸ್ಟನ್ನಿನ ಸುತ್ತ ನಾರಿನ ಹಗ್ಗ ಸುತ್ತಿ, ಕೊಬ್ಬು ಸವರಿ ಉಗಿ ಸೋರದಂತೆ ಹೇಗೋ ನಿಭಾಯಿಸುತ್ತಿದ್ದರು. ಇಂದಿನ ಮೊಪೆಡ್ಡಿನ ರಿಂಗು ಕೂಡ ಮೂಲದಲ್ಲಿ ರಾಮ್ಸ್‌ಬಾಟಮ್ಮನ ಅದೇ ಸೀಳು ಬಳೆಯೇ.

ಬಳೆ ಚೆನ್ನಾಗಿದ್ದರೆ ಸಾಲದು, ಕೈಯೂ ದುಂಡಗಿರಬೇಕಲ್ಲ! ಸಿಲಿಂಡರನ್ನು ನಿಜವಾಗಿ ದುಂಡಗೆ ಕೊರೆಯುವ ವಿದ್ಯೆ ಬಂದದ್ದು ಫಿರಂಗಿ ಮಾಡುವವರಿಂದ. ಜಾನ್ ವಿಲ್ಕಿನ್ಸನ್ ಎಂಬ ಇಂಗ್ಲಿಷ್ ಕಬ್ಬಿಣದ ಉದ್ಯಮಿ 1774ರಲ್ಲಿ ಫಿರಂಗಿಯ ಕೊಳವೆ ಕೊರೆಯುವ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ಅದೇ ಕೌಶಲ ಜೇಮ್ಸ್ ವ್ಯಾಟ್‌ನ ಉಗಿ ಯಂತ್ರದ ಸಿಲಿಂಡರುಗಳಿಗೂ ಒದಗಿತು. 50 ಅಂಗುಲ ಅಗಲದ ಸಿಲಿಂಡರಿನಲ್ಲಿ ಒಂದು ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲವೆಂದು ಅಂದಿನವರು ಬೆರಗಾಗಿದ್ದರು. ಇಂದು ನಮ್ಮ ಸಣ್ಣ ಊರಿನ ಲೇತ್ ಅಂಗಡಿಯಲ್ಲೂ ಅಂಗುಲದ ಸಾವಿರದಲ್ಲೊಂದು ಪಾಲಿನ ಮಾತು ನಡೆಯುತ್ತದೆ. ಅದನ್ನು ‘ಥೌ’ ಎನ್ನುತ್ತಾರೆ. ಒಂದು ಕೂದಲೆಂದರೆ ಸುಮಾರು ಮೂರು ಥೌ.

ಕೊರೆದ ಮೇಲೆ ಉಜ್ಜುವ ಕಲ್ಲಿನ ಕಥೆಯಲ್ಲಿ ನಮ್ಮ ಪಾಲೂ ಉಂಟು. ವಜ್ರವನ್ನು ಬಿಟ್ಟರೆ ಹಿಂದಿನವರಿಗೆ ಗೊತ್ತಿದ್ದ ಅತಿ ಗಟ್ಟಿ ಕಲ್ಲು ಕುರುಂದ. ಇಂಗ್ಲಿಷಿನ ‘ಕೊರಂಡಮ್’ ಎಂಬ ಪದ ತಮಿಳಿನ ‘ಕುರುಂದಂ’ನಿಂದ ಹೋದದ್ದೆಂದು ನಿಘಂಟುಗಳು ಹೇಳುತ್ತವೆ. ಹಳೆಯ ಮೈಸೂರು ಸಂಸ್ಥಾನದ ಕೆಲವು ಕಡೆ ಈ ಕಲ್ಲನ್ನು ಅಗೆದು ತೆಗೆಯುತ್ತಿದ್ದರು. ಮುಂದೆ 1890ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ವಿದ್ಯುತ್ ಕುಲುಮೆಯಲ್ಲಿ ‘ಕಾರ್ಬೊರಂಡಮ್’ ಎಂಬ ಕೃತಕ ಸಾಣೆಕಲ್ಲನ್ನೇ ತಯಾರಿಸಿದ. ಹೆಸರಿನ ಬಾಲದಲ್ಲಿ ನಮ್ಮ ಕುರುಂದ ಇನ್ನೂ ಉಳಿದುಕೊಂಡಿದೆ. ಮೋಟಾರು ಗಾಡಿಗಳು ಹೆಚ್ಚಿದ 1920ರ ದಶಕದಲ್ಲಿ ಸಿಲಿಂಡರಿನೊಳಗೆ ಇಳಿಬಿಟ್ಟು ತಿರುಗಿಸುವ, ಸ್ಪ್ರಿಂಗಿನಿಂದ ಹೊರಕ್ಕೆ ಒತ್ತುವ ಕಲ್ಲುಗಳ ಉಪಕರಣ ಗ್ಯಾರೇಜುಗಳಿಗೆ ಬಂತು. ಅದನ್ನು ಜನಪ್ರಿಯಗೊಳಿಸಿದವರಲ್ಲಿ 1924ರಲ್ಲಿ ಕಂಪನಿ ಕಟ್ಟಿದ ಅಮೆರಿಕದ ಜೋಸೆಫ್ ಸನ್ನೆನ್ ಪ್ರಮುಖ.

ಕಪಿಲೆಯ ಜಾಗಕ್ಕೆ ಇಂಜಿನ್

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೆರೆ ಮತ್ತು ಬಾವಿಯೇ ಗತಿ. ಬಾವಿಯಿಂದ ನೀರೆತ್ತಲು ಏತ ಇತ್ತು, ಕಪಿಲೆ ಇತ್ತು. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಚರ್ಮದ ಚೀಲ ಮೇಲೆ ಬರುತ್ತದೆ, ಹಿಂದಕ್ಕೆ ಬಂದರೆ ಚೀಲ ನೀರಿಗಿಳಿಯುತ್ತದೆ. ಒಂದು ಜೊತೆ ಎತ್ತು, ಒಬ್ಬ ಮನುಷ್ಯ, ಇಡೀ ಬೆಳಗು ಬೇಕು. ಇಷ್ಟಾಗಿ ನೆನೆಯುವುದು ಸ್ವಲ್ಪವೇ ನೆಲ.

ಇದೇ ಜಿಲ್ಲೆಯ ಚಿನ್ನದ ಗಣಿಗೆ ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ಬಂದಿತ್ತು ಎಂಬುದು ಗಮನಾರ್ಹ. ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲು! ಆದರೆ ಗಣಿಯ ತಂತಿ ಬಾವಿಯ ದಡಕ್ಕೆ ತಿರುಗಲು ದಶಕಗಳೇ ಹಿಡಿದವು. ಆ ಖಾಲಿ ಜಾಗವನ್ನು ತುಂಬಿದ್ದು ಸೀಮೆಎಣ್ಣೆ ಮತ್ತು ಡೀಸೆಲ್ ಇಂಜಿನ್ನುಗಳು.

ಇಂಗ್ಲೆಂಡಿನ ಲಿಸ್ಟರ್ ಕಂಪನಿಯ, ನಿಮಿಷಕ್ಕೆ 600-650 ಸುತ್ತು ಮಾತ್ರ ತಿರುಗುವ, ದೊಡ್ಡ ಚಕ್ರದ ನಿಧಾನ ಇಂಜಿನ್ನು ಈ ಪೈಕಿ ಹಿರಿಯಣ್ಣ. ಅದರ ನಕಲುಗಳು ಗುಜರಾತಿನ ರಾಜಕೋಟೆಯಲ್ಲಿ ತಯಾರಾಗಿ ದೇಶವನ್ನೆಲ್ಲ ತುಂಬಿದವು. 1946ರಲ್ಲಿ ಪುಣೆಯ ಖಡ್ಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಆರಂಭವಾಯಿತು. ಈ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಸೀಮೆಯಲ್ಲಿ, ವ್ಯಾಪಾರ ಶುರು ಮಾಡಿದ್ದು ಬೆಳಗಾವಿಯ ಸೈಕಲ್ ಅಂಗಡಿಯಿಂದ. ಅವರು ಮೊದಲು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆಂದು ರೈತರು ಕೊಳ್ಳಲಿಲ್ಲವಂತೆ. ಅದೇ ರೈತರ ಮಕ್ಕಳು ಮುಂದೆ ಕಬ್ಬಿಣದ ಇಂಜಿನ್ನನ್ನು ಅರಿಶಿನ ಕುಂಕುಮ ಹಚ್ಚಿ ಆಯುಧಪೂಜೆಗೆ ಕೂರಿಸಿದರು. ಅದೇ ಬಳಗದ ಮೈಸೂರು ಕಿರ್ಲೋಸ್ಕರ್ 1941ರಿಂದ ಹರಿಹರದಲ್ಲಿ, ಎಚ್‌ಎಂಟಿ 1950ರ ದಶಕದಿಂದ ಬೆಂಗಳೂರಿನಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿದ್ದರಿಂದ ರಿಪೇರಿಯ ವಿದ್ಯೆಯೂ ಸಣ್ಣ ಊರುಗಳ ತನಕ ಇಳಿಯಿತು. ರಿಂಗುಗಳೂ ದೂರದಿಂದ ಬರಬೇಕಾಗಿರಲಿಲ್ಲ. ಜರ್ಮನಿಯ ಸಹಯೋಗದಲ್ಲಿ 1954ರಲ್ಲಿ ಹುಟ್ಟಿದ ಗೋಟ್ಜೆ ಕಂಪನಿ ಮುಂದೆ ಬೆಂಗಳೂರಿನ ಯಲಹಂಕದಲ್ಲೂ ಕಾರ್ಖಾನೆ ತೆರೆಯಿತು.

ಎತ್ತಿಗೆ ಕಾಯಿಲೆಯಾದರೆ ಏನು ಮಾಡಬೇಕೆಂದು ಊರಿಗೆ ಗೊತ್ತಿತ್ತು. ಇಂಜಿನ್ನಿಗೆ ಕೆಮ್ಮು ಬಂದರೆ? ಆಲೂಗೆಡ್ಡೆಯೋ ಹಿಪ್ಪುನೇರಳೆಯೋ ನೀರಿಗೆ ಕಾಯುತ್ತ ನಿಂತಿರುವಾಗ ರೈತನ ಮುಂದೆ ಎರಡು ದಾರಿ. ಸಿಲಿಂಡರ್ ಸವೆದು ಅಂಡಾಕಾರವಾಗಿದ್ದರೆ ಪೇಟೆಗೆ ಹೊತ್ತು ರೀಬೋರ್ ಮಾಡಿಸಿ, ಕಾಲು ಅಥವಾ ಅರ್ಧ ಮಿ.ಮೀ. ದೊಡ್ಡದಾದ ಪಿಸ್ಟನ್ ಹಾಕಿಸಬೇಕು. ಲೈನರ್ ಇರುವ ಇಂಜಿನ್ನಾದರೆ ಲೈನರನ್ನೇ ಬದಲಿಸಬೇಕು. ಸವೆತ ಕಡಿಮೆಯಿದ್ದರೆ ರಿಂಗು ಮಾತ್ರ ಬದಲಿಸಿ ಹೋನಿಂಗ್ ಮಾಡಿದರೆ ಸಾಕು. ಎರಡನೆಯದಕ್ಕೆ ಖರ್ಚು ಬಹಳ ಕಡಿಮೆ, ಕೆಲಸವೂ ಬಾವಿಯ ದಡದಲ್ಲೇ ಮುಗಿಯುತ್ತದೆ. ಹೊಗೆ ಎರಡು ವಾರಕ್ಕೆ ಮತ್ತೆ ಬಂದರೆ ಮಾತ್ರ ಹಣವೂ ಹೋಯಿತು, ಬೆಳೆಯೂ ಹೋಯಿತು. ಗೀರು ಸರಿಯಾಗಿ ಬಿತ್ತೇ ಇಲ್ಲವೇ ಎಂಬ ಸಣ್ಣ ಸಂಗತಿಯ ಮೇಲೆ ಒಂದು ಹಂಗಾಮಿನ ಸಾಲ ತೀರುವುದು ನಿಂತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಗೀರುವುದರಲ್ಲೂ ಕ್ರಮವುಂಟು

ಮೊದಲು ಅಳತೆ. ಹೊಸ ರಿಂಗನ್ನು ಬರಿದೇ ಸಿಲಿಂಡರಿನೊಳಗೆ ಇಳಿಸಿ, ಸೀಳಿನ ಸಂದಿಗೆ ಫೀಲರ್ ಗೇಜಿನ ತಗಡು ತೂರಿಸಿ ನೋಡುತ್ತಾರೆ. 80 ಮಿ.ಮೀ. ಸಿಲಿಂಡರಿಗೆ ಸಂದು ಸುಮಾರು ಕಾಲು ಮಿ.ಮೀ.ಗಿಂತ ತುಸು ಮೇಲಿರುವುದು ವಾಡಿಕೆ. ಕಡಿಮೆಯಿದ್ದರೆ ಬಿಸಿಗೆ ಹಿಗ್ಗಿದ ರಿಂಗು ತುದಿಗೆ ತುದಿ ತಾಗಿ ಗೋಡೆಯನ್ನೇ ಉತ್ತುಬಿಡುತ್ತದೆ. ತೀರ ಹೆಚ್ಚಿದ್ದರೆ ಗೋಡೆ ಸವೆದಿದೆ ಎಂದರ್ಥ. ಆಗ ಎಷ್ಟು ಹೋನಿಂಗ್ ಮಾಡಿದರೂ ಪ್ರಯೋಜನವಿಲ್ಲ. ಹೋನಿಂಗ್ ಮೈಯನ್ನು ಸರಿಮಾಡುತ್ತದೆಯೇ ಹೊರತು ಆಕಾರವನ್ನಲ್ಲ. ಇದನ್ನು ಮರೆತು ಅಂಡಾಕಾರದ ಸಿಲಿಂಡರಿಗೆ ಕಲ್ಲು ಆಡಿಸಿ ಹಣ ಎಣಿಸಿಕೊಂಡ ಕೈಗಳೂ ಕಡಿಮೆಯಿಲ್ಲ.

ಮೂರು ಕಲ್ಲಿನ ಉಪಕರಣವನ್ನು ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ, ಸೀಮೆಎಣ್ಣೆ ಅಥವಾ ತೆಳು ಆಯಿಲ್ ಬಿಡುತ್ತ, ನಿಧಾನವಾಗಿ ತಿರುಗಿಸುತ್ತಲೇ ಮೇಲೆ ಕೆಳಗೆ ಆಡಿಸಬೇಕು. ತಿರುಗುವುದೂ ಏರಿಳಿಯುವುದೂ ಕೂಡಿದಾಗ ಗೀರುಗಳು ಓರೆಯಾಗಿ ಬೀಳುತ್ತವೆ. ಏರುವಾಗಿನದು ಒಂದು ಓರೆ, ಇಳಿಯುವಾಗಿನದು ಇನ್ನೊಂದು ಓರೆ. ಎರಡೂ ಸೇರಿ ಈಚಲು ಚಾಪೆಯ ಹೆಣಿಗೆಯಂತೆ ಕಾಣುತ್ತದೆ. ಗೀರುಗಳ ನಡುವಿನ ಕೋನ 45ರಿಂದ 60 ಡಿಗ್ರಿಯಷ್ಟಿದ್ದರೆ ಸರಿ. ಕೈ ಬೇಗ ಆಡಿದರೆ ಗೀರು ಕಡಿದಾಗುತ್ತದೆ, ಆಯಿಲ್ ಇಳಿದುಹೋಗುತ್ತದೆ. ನಿಧಾನವಾದರೆ ಗೀರು ಮಲಗುತ್ತದೆ, ಆಯಿಲ್ ಹೆಚ್ಚು ನಿಲ್ಲುತ್ತದೆ. ಕಲ್ಲಿನ ತರಿ ಸಾಧಾರಣವಾಗಿ 180ರಿಂದ 280 ನಂಬರಿನದು. ತಿರುಗುವುದು ನಿಂತ ಮೇಲೆ ಕಲ್ಲನ್ನು ಎಳೆದು ತೆಗೆದರೆ ಉದ್ದಕ್ಕೂ ನೇರ ಗೀರು ಬಿದ್ದು, ಅದೇ ಒತ್ತಡ ಸೋರುವ ಕಾಲುವೆಯಾಗುತ್ತದೆ.

ಈ ಗೀರುಗಳು ಮಾಡುವ ಕೆಲಸ ಎರಡು. ಏಣುಗಳು ಹೊಸ ರಿಂಗನ್ನು ನವಿರಾಗಿ ಕೆರೆದು, ತಾವೂ ಸವೆದು, ಕೆಲವೇ ಗಂಟೆಗಳಲ್ಲಿ ಎರಡನ್ನೂ ಒಂದಕ್ಕೊಂದು ಹೊಂದಿಸುತ್ತವೆ. ತಗ್ಗುಗಳು ಹಾಗೆಯೇ ಉಳಿದು ಪುಟ್ಟ ಕೆರೆಗಳಂತೆ ಆಯಿಲನ್ನು ಹಿಡಿದಿಡುತ್ತವೆ. ಕೋಲಾರದವರಿಗೆ ಕೆರೆಯ ಮಹತ್ವ ಬಿಡಿಸಿ ಹೇಳಬೇಕಿಲ್ಲ.

ಹೋನಿಂಗ್ ಉಪಕರಣ ಇಲ್ಲದ ಕಡೆ ಉಪ್ಪುಕಾಗದವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬೆರಳಿನಿಂದ ಓರೆಯಾಗಿ ಉಜ್ಜಿ ಕೆಲಸ ಮುಗಿಸುವ ರೂಢಿ ಇತ್ತು, ಈಗಲೂ ಇದೆ. ಪುಸ್ತಕದವರು ಮೂಗು ಮುರಿಯುವ ಈ ವಿಧಾನ, ತಾಳ್ಮೆಯಿರುವ ಕೈಯಲ್ಲಿ, ಲೇಪ ಕಳೆಯುವ ಮಟ್ಟಿಗೆ ಮೋಸವಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಆಮೇಲೆ. ಗೀರಿದ ಗೋಡೆಯಲ್ಲಿ ಕಲ್ಲಿನ ಪುಡಿ ಸಿಕ್ಕಿಕೊಂಡಿರುತ್ತದೆ. ಅದನ್ನು ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆದುಬಿಟ್ಟರೆ ಆಯಿಲ್ ಹೋಗುತ್ತದೆ, ಪುಡಿ ತಗ್ಗಿನಲ್ಲೇ ಕೂರುತ್ತದೆ. ಆ ಪುಡಿಯೇ ಹೊಸ ರಿಂಗನ್ನು ಅರೆದು ತಿನ್ನುತ್ತದೆ. ಪುಡಿಯನ್ನು ಎತ್ತಿ ತೆಗೆಯುವುದು ಬಿಸಿನೀರು, ಸೋಪು, ಬ್ರಷ್. ಇಂಜಿನ್ನಿನ ಹೊಟ್ಟೆಗೆ ಸೋಪಿನ ನೀರೇ ಎಂದು ಗಾಬರಿಯಾಗುವವರುಂಟು. ಆದರೆ ಇದು ತಯಾರಕರ ಕೈಪಿಡಿಗಳೇ ಹೇಳುವ ಮಾತು. ತೊಳೆದ ಕೂಡಲೇ ಒರೆಸಿ ಆಯಿಲ್ ಸವರಬೇಕು. ತಡವಾದರೆ ಬೆತ್ತಲೆ ಕಬ್ಬಿಣಕ್ಕೆ ನೋಡನೋಡುತ್ತಲೇ ತುಕ್ಕು ಹತ್ತುತ್ತದೆ.

ಇನ್ನೊಂದು ತಪ್ಪು ಪ್ರೀತಿಯಿಂದ ಆಗುವಂಥದು. ಹೊಸ ರಿಂಗಿನ ಇಂಜಿನ್ನಿಗೆ ಆಯಾಸವಾಗಬಾರದೆಂದು ಹೊರೆಯಿಲ್ಲದೆ ಗಂಟೆಗಟ್ಟಲೆ ಸುಮ್ಮನೆ ಓಡಿಸುತ್ತಾರೆ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗುಪು ಮಾತ್ರವಲ್ಲ, ಉರಿದ ಅನಿಲದ ಒತ್ತಡವೂ ಅದರ ಬೆನ್ನಿಗಿರುತ್ತದೆ. ಹೊರೆಯಿಲ್ಲದಿದ್ದರೆ ಆ ಒತ್ತಡವಿಲ್ಲ, ರಿಂಗು ಕೂರದು. ಗೀರುಗಳ ಮೇಲೆ ಮತ್ತೆ ಅರಗು ಕಟ್ಟಿ ಗೋಡೆ ಪುನಃ ಕನ್ನಡಿಯಾಗುತ್ತದೆ. ಸ್ವಲ್ಪ ಬಿಸಿಯಾಗುತ್ತಲೇ ಪಂಪಿಗೆ ಬೆಲ್ಟ್ ಹಾಕಿ ನೀರೆತ್ತಿಸುವುದೇ ಸರಿಯಾದ ಉಪಚಾರ.

ನೀರು ಇಳಿಯಿತು, ಇಂಜಿನ್ ಉಳಿಯಲಿಲ್ಲ

ಆಯಿಲ್ ಇಂಜಿನ್ನನ್ನು ಮೂಲೆಗೆ ತಳ್ಳಿದ್ದು ವಿದ್ಯುತ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯ. ದಡದ ಮೇಲೆ ಕುಳಿತ ಪಂಪು ನೀರನ್ನು ಹೀರುವುದು ಗಾಳಿಯ ಒತ್ತಡದ ಬಲದಿಂದ. ಸಮುದ್ರಮಟ್ಟದಲ್ಲಿ ಅದು ಲೆಕ್ಕಕ್ಕೆ 34 ಅಡಿ. ಮಾಲೂರಿನಂತಹ ಎತ್ತರದ ಬಯಲಿನಲ್ಲಿ ಇನ್ನೂ ಕಡಿಮೆ. ನಿಜಕ್ಕೆ ನಡೆಯುವುದು 20-25 ಅಡಿ. ಬಾವಿಯ ನೀರು ಇಳಿದಂತೆ ಇಂಜಿನ್ನನ್ನೂ ಬಾವಿಯೊಳಗಿನ ಕಟ್ಟೆಗೆ ಇಳಿಸಿದರು. ಹೊಗೆ ತುಂಬಿದ ಬಾವಿಯಲ್ಲಿ ಉಸಿರು ಕಟ್ಟಿಕೊಂಡು ಕೆಲಸ ಮಾಡಿದ್ದೂ ಆಯಿತು. ಕೊನೆಗೆ ಬಾವಿಗಳೇ ಬತ್ತಿದವು. ಸಾವಿರ ಅಡಿ ದಾಟಿದ ಕೊಳವೆಬಾವಿಯ ಆಳದಲ್ಲಿ ಮುಳುಗಿ ಕೆಲಸ ಮಾಡುವ ಸಬ್‌ಮರ್ಸಿಬಲ್ ಮೋಟಾರಿಗೆ ರಿಂಗೂ ಇಲ್ಲ, ಸಿಲಿಂಡರೂ ಇಲ್ಲ. ಅಲ್ಲಿ ಸುಟ್ಟರೆ ಬೇಕಾದವನು ವೈಂಡಿಂಗ್ ಮಾಡುವವನು.

ಹಾಗೆಂದು ಹೋನಿಂಗ್ ಕಲ್ಲು ತುಕ್ಕು ಹಿಡಿಯಲಿಲ್ಲ. ಗಡಿಯಾಚೆಯ ಹೊಸೂರಿನಲ್ಲಿ 1980ರಲ್ಲಿ ಟಿವಿಎಸ್ 50 ಮೊಪೆಡ್ ಹುಟ್ಟಿತು. ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಟೊಮೆಟೊ ಬಾಕ್ಸು, ಹುಲ್ಲಿನ ಹೊರೆ ಎಲ್ಲವನ್ನೂ ಹೊತ್ತ ಆ ಪುಟ್ಟ ಎರಡು ಸ್ಟ್ರೋಕಿನ ಸಿಲಿಂಡರು ರಿಂಗಿನ ವ್ಯಾಪಾರವನ್ನು ಬಾವಿಯಿಂದ ರಸ್ತೆಗೆ ತಂದಿತು. ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ವಿಎಸ್‌ಟಿ ಕಂಪನಿಯ ಪವರ್ ಟಿಲ್ಲರುಗಳು ಈಗ ಮಾಲೂರಿನಲ್ಲೇ ತಯಾರಾಗುತ್ತವೆ. 13 ಅಶ್ವಶಕ್ತಿಯ ಅದರ ಇಂಜಿನ್ನಿಗೂ ಒಂದೇ ಸಿಲಿಂಡರ್. 2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆ ಮಳೆನೀರಿನ ಕೃಷಿಹೊಂಡದ ಜೊತೆಗೆ ಡೀಸೆಲ್ ಪಂಪಿಗೂ ನೆರವು ಕೊಟ್ಟಿತು. ಹತ್ತಡಿ ಆಳದ ಹೊಂಡದ ನೀರು ಪಂಪಿನ ಎಟುಕಿನಲ್ಲೇ ಇರುವುದರಿಂದ, ಬಾವಿಯ ದಡ ಬಿಟ್ಟುಹೋದ ಇಂಜಿನ್ನು ಹೊಂಡದ ದಡಕ್ಕೆ ವಾಪಸಾಗಿದೆ.

ಬದಲಾದದ್ದು ಸಿಲಿಂಡರಿನ ಒಳಮೈ. ಕಳೆ ಕತ್ತರಿಸುವ, ಔಷಧಿ ಸಿಂಪಡಿಸುವ ಕೆಲವು ಹಗುರ ಇಂಜಿನ್ನುಗಳ ಸಿಲಿಂಡರು ಅಲ್ಯೂಮಿನಿಯಮ್ಮಿನದು. ಒಳಗೆ ಕ್ರೋಮ್ ಅಥವಾ ನಿಕ್ಕಲ್ ಲೇಪ. ಸಿಲಿಕಾನ್ ಕಾರ್ಬೈಡ್ ಕಣ ಬೆರೆಸಿದ ನಿಕ್ಕಲ್ ಲೇಪವನ್ನು ಜರ್ಮನಿಯ ಮಾಲೆ ಕಂಪನಿ 1960ರ ದಶಕದಲ್ಲಿ ರೂಪಿಸಿತು. ಆ ಕಣಗಳೆಂದರೆ ಸಾಣೆಕಲ್ಲಿನ ಕಾರ್ಬೊರಂಡಮ್ಮೇ! ಇಂತಹ ಗೋಡೆಗೆ ಹಳೆಯ ಅಭ್ಯಾಸದಿಂದ ಕಲ್ಲು ಆಡಿಸಿದರೆ ಲೇಪ ಕಿತ್ತುಬಂದು ಸಿಲಿಂಡರೇ ಹಾಳು. ಎರಕದ ಕಬ್ಬಿಣದಲ್ಲೂ ಈಗ ಎರಡು ಅಭಿಪ್ರಾಯವಿದೆ. ಕಾರ್ಖಾನೆಯ ಹಳೆಯ ಗೀರು ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದರೆ ಮುಟ್ಟದಿರುವುದೇ ಲೇಸು ಎಂಬುದು ಕೆಲವು ತಯಾರಕರ ಮಾತು. ಹೊಸ ರಿಂಗು ಎಂದರೆ ಹೊಸ ಗೀರು ಎಂಬುದು ಬಹುಪಾಲು ಗ್ಯಾರೇಜುಗಳ ನಂಬಿಕೆ. ಸಣ್ಣ ವಾಹನಗಳಲ್ಲಂತೂ ಸಿಲಿಂಡರ್, ಪಿಸ್ಟನ್, ರಿಂಗು ಮೂರೂ ಸೇರಿದ ಪೆಟ್ಟಿಗೆಯೇ ಸಿಗುವುದರಿಂದ ಅಳೆಯುವ, ಗೀರುವ ತಾಪತ್ರಯವನ್ನು ಬಿಟ್ಟವರು ಹೆಚ್ಚು.

ಟಿಲ್ಲರಿನ ಸಿಲಿಂಡರು ಮಾತ್ರ ಈಗಲೂ ಎರಕದ ಕಬ್ಬಿಣದ್ದೇ. ಮುಂಗಾರಿನ ರಾಗಿ ಬಿತ್ತನೆಗೆ ಮುಂಚೆ ಬಿಚ್ಚಿ ಕೂರಿಸಿದ ಇಂಜಿನ್ನಿಗೆ ಕಲ್ಲು ಆಡಿಸಿ, ಸೋಪಿನ ನೀರು ಹೊಯ್ದು ತಿಕ್ಕಿದ ಮೇಲೆ, ಕೊನೆಗೆ ಒಂದು ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಗೋಡೆಯನ್ನು ಒರೆಸಿ ನೋಡುತ್ತಾರೆ. ಬಟ್ಟೆಗೆ ಬೂದು ಬಣ್ಣ ಹತ್ತಿದರೆ ಇನ್ನೊಂದು ಬಕೆಟ್ ಬಿಸಿನೀರು ತರಬೇಕು.